ಐರಿಷ್ ಮದುವೆಯ ರಾತ್ರಿ: ಬ್ಯಾಂಡ್ ಬೇಕೇ, ಕುಣಿಯಲೇಬೇಕೇ?

ಪ್ರಶ್ನೆ: ನನ್ನ ಮಗಳು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಒಪ್ಪಿದ ಹುಡುಗ ಐರ್ಲೆಂಡಿನ ಕ್ಲೇರ್ ಕೌಂಟಿಯವನು. ಧಾರೆ ಇಲ್ಲೇ ಧಾರವಾಡದಲ್ಲಿ. ಆಮೇಲೆ ಅಲ್ಲಿ ಎನಿಸ್ ಊರಿನ ಹತ್ತಿರದ ಹೋಟೆಲಿನಲ್ಲಿ ಅವರ ಪದ್ಧತಿಯ ಮದುವೆ, ರಿಸೆಪ್ಷನ್. ನಮ್ಮ ಕಡೆಯಿಂದ ಇಪ್ಪತ್ತು ಜನ ಹೋಗುತ್ತೇವೆ. ಬೀಗರು ಲೈವ್ ಬ್ಯಾಂಡ್ ಬೇಕೇ ಬೇಕು ಅನ್ನುತ್ತಿದ್ದಾರೆ. 3,000 ಯೂರೋ ಹತ್ತಿರ ಆಗುತ್ತದಂತೆ. ರಾತ್ರಿ ಒಂಬತ್ತೂವರೆಗೆ ಶುರುವಾದರೆ ಎರಡು ಗಂಟೆಯವರೆಗೂ ಕುಣಿತವಂತೆ. ಡಿಜೆ ಒಬ್ಬರಿದ್ದರೆ ಸಾಲದೇ? ನಮ್ಮ ಹಾಡುಗಳನ್ನೂ ಹಾಕಿಸಬಹುದೇ? ನಮ್ಮಲ್ಲಿ ವಯಸ್ಸಾದವರೇ ಹೆಚ್ಚು, ಯಾರಿಗೂ ಆ ಕುಣಿತ ಬಾರದು. ಸುಮ್ಮನೆ ಕೂತರೆ ಬೀಗರಿಗೆ ಬೇಸರವಾದೀತೇ?
ಓದುಗರು, ಧಾರವಾಡ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಬ್ಯಾಂಡ್ ಇರಲಿ. ಖರ್ಚು ಹಿಡಿಯಲೇಬೇಕು ಅಂದರೆ ಹೂವಿನ ಅಲಂಕಾರದಲ್ಲಿ ಹಿಡಿಯಿರಿ, ಕಾರಿನಲ್ಲಿ ಹಿಡಿಯಿರಿ, ಬ್ಯಾಂಡಿಗೆ ಮಾತ್ರ ಕೈ ಹಚ್ಚಬೇಡಿ. ನಾನು ಲಿಮರಿಕ್‌ನಲ್ಲಿದ್ದು ಮದುವೆ ಬ್ಯಾಂಡುಗಳಿಗೆ ಸೌಂಡ್ ನೋಡಿಕೊಳ್ಳುವವನು. ಕ್ಲೇರ್, ಕೆರಿ, ಗಾಲ್ವೇ ಕಡೆಯ ಹೋಟೆಲುಗಳಲ್ಲೇ ನನ್ನ ಶುಕ್ರವಾರ, ಶನಿವಾರ ಕಳೆಯುತ್ತವೆ. ಮದುವೆಗೆ ಹೋಗಲಾಗದವರು ಮಾರನೆಯ ದಿನ ಸಿಕ್ಕಾಗ ಊಟದ ಸುದ್ದಿಗಿಂತ ಮುಂಚೆ ಕೇಳುವುದು “ಬ್ಯಾಂಡ್ ಹೇಗಿತ್ತು?” ಎಂದೇ.

ನಮ್ಮ ಕಡೆಯ ಆರತಕ್ಷತೆ ನೋಡಿದವರಿಗೆ ಇದು ಅತಿ ಅನ್ನಿಸುವುದು ಸಹಜ. ನಮ್ಮಲ್ಲಿ ಆರ್ಕೆಸ್ಟ್ರಾ ಒಂದು ಪಕ್ಕದಲ್ಲಿ ಹಾಡುತ್ತಿರುತ್ತದೆ, ಜನ ಸಾಲಿನಲ್ಲಿ ವೇದಿಕೆ ಹತ್ತಿ ಫೋಟೋ ತೆಗೆಸಿಕೊಂಡು, ಉಡುಗೊರೆ ಕೊಟ್ಟು, ಊಟ ಮುಗಿಸಿ ಹೊರಡುತ್ತಾರೆ. ಹಾಡುವವರು ನಡುವೆ ಅರ್ಧ ಗಂಟೆ ನಿಲ್ಲಿಸಿದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಐರ್ಲೆಂಡಿನಲ್ಲಿ ವೇದಿಕೆಯ ಮೇಲೆ ಬ್ಯಾಂಡ್ ಇರುತ್ತದೆ, ಮದುಮಕ್ಕಳು ಕೆಳಗೆ ಎಲ್ಲರ ನಡುವೆ ಇರುತ್ತಾರೆ. ಮಧ್ಯಾಹ್ನದಿಂದ ಬೇರೆ ಬೇರೆ ಟೇಬಲಿಗೆ ಕೂತು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದ ಎರಡು ಮನೆಯವರು ಮೊದಲ ಸಲ ಕೈ ಹಿಡಿಯುವುದು ಆ ಮರದ ನೆಲದ ಮೇಲೆ. ಹಾಗೆ ಹಿಡಿಸುವುದೇ ಬ್ಯಾಂಡಿನ ಕೆಲಸ, ನೀವು ದುಡ್ಡು ಕೊಡುವುದು ಅದಕ್ಕೆ.

ಈ ರೂಢಿ ಹೋಟೆಲುಗಳಿಗಿಂತ ಹಳೆಯದು. ಹಿಂದೆ ಮದುವೆಯ ರಾತ್ರಿ ಕುಣಿಯುತ್ತಿದ್ದುದು ಮನೆಯಲ್ಲೇ, ಅಡುಗೆಮನೆಯ ಕಲ್ಲುಹಾಸಿನ ಮೇಲೆ. ಪಿಟೀಲಿನವರೊಬ್ಬರೋ ಕಾನ್ಸರ್ಟಿನಾ (ಎರಡೂ ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪುಟ್ಟ ವಾದ್ಯ) ನುಡಿಸುವವರೊಬ್ಬರೋ ಮೂಲೆಯಲ್ಲಿ ಕೂತರೆ ಸಾಕಿತ್ತು. ಹೆಜ್ಜೆಯ ಸದ್ದು ಚೆನ್ನಾಗಿ ಮೊಳಗಲಿ ಎಂದು ಒಲೆಯ ಮುಂದಿನ ಹಾಸುಗಲ್ಲಿನ ಕೆಳಗೆ ಕುದುರೆಯ ತಲೆಬುರುಡೆ ಹೂಳುತ್ತಿದ್ದರೆಂದು ಹಳಬರು ಹೇಳಿದ್ದನ್ನು ಅಲ್ಲಿನ ಜಾನಪದ ಸಂಗ್ರಾಹಕರು ಬರೆದಿಟ್ಟಿದ್ದಾರೆ. ಆಗ ಕುಣಿಯುತ್ತಿದ್ದುದು ಸೆಟ್ಟುಗಳು: ನಾಲ್ಕು ಜೋಡಿ ಚೌಕವಾಗಿ ನಿಂತು ಜಾಗ ಬದಲಿಸುತ್ತ, ಸುತ್ತುತ್ತ ಮಾಡುವ ಕುಣಿತ. 19ನೇ ಶತಮಾನದಲ್ಲಿ ಯುರೋಪಿನ ಕ್ವಾಡ್ರಿಲ್ ಕುಣಿತ ಐರ್ಲೆಂಡಿಗೆ ಬಂದು, ಊರೂರಿನ ಜಿಗ್, ರೀಲ್, ಪೋಲ್ಕಾ ಎಂಬ ಕುಣಿತದ ಧಾಟಿಗಳಿಗೆ ಒಗ್ಗಿಕೊಂಡು ಹೀಗಾಯಿತು. ಕ್ಲೇರಿನವರಿಗೆ ಕ್ಯಾಲಿಡೋನಿಯನ್ ಸೆಟ್ ಅಂದರೆ ಪ್ರಾಣ. ನಿಮ್ಮ ಬೀಗರ ಮನೆಯ ಹಿರಿಯರಲ್ಲಿ ಅದು ಕಾಲಿಗೇ ಬರುವವರು ಇದ್ದೇ ಇರುತ್ತಾರೆ.

1935ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕ ಕುಣಿತಕ್ಕೆ ನ್ಯಾಯಾಲಯದ ಲೈಸೆನ್ಸ್ ಬೇಕೆಂಬ ಕಾಯಿದೆ ತಂದಿತು. ಪಾದ್ರಿಗಳೂ ಪೊಲೀಸರೂ ಅದನ್ನೇ ಹಿಡಿದು ಮನೆಯ ಕುಣಿತಗಳ ಮೇಲೂ ಕಣ್ಣಿಟ್ಟರು. ಕುಣಿತ ಮನೆಯಿಂದ ಡ್ಯಾನ್ಸ್ ಹಾಲ್‌ಗೆ ಹೋಯಿತು. ದೊಡ್ಡ ಹಾಲಿನಲ್ಲಿ ಒಂದು ಪಿಟೀಲು ಕೇಳಿಸದು. ಪಿಟೀಲು, ಕೊಳಲು, ಅಕಾರ್ಡಿಯನ್‌ಗಳ ಜೊತೆ ಪಿಯಾನೋ, ಡ್ರಮ್ ಸೇರಿದ ಕೇಲಿ ಬ್ಯಾಂಡುಗಳಿಗೆ ಬೇಡಿಕೆ ಬಂತು. ಅವುಗಳಲ್ಲಿ ಅತಿ ಹೆಸರಾದ ಎರಡು ನಿಮ್ಮ ಬೀಗರ ಕೌಂಟಿಯವೇ. ಕಿಲ್‌ಫೆನೋರಾ ಬ್ಯಾಂಡ್ ತನ್ನ ಹುಟ್ಟನ್ನು 1909ಕ್ಕೆ ಎಣಿಸುತ್ತದೆ, ಟಲ್ಲಾ ಬ್ಯಾಂಡ್ 1946ರದು. ಈ ಎರಡರಲ್ಲಿ ಯಾವುದು ಮೇಲು ಎಂಬ ವಾದ ಆ ಕಡೆ ಇನ್ನೂ ಮುಗಿದಿಲ್ಲ. ನೀವು ಯಾರ ಪಕ್ಷವನ್ನೂ ವಹಿಸಬೇಡಿ.

1950ರ ದಶಕದಿಂದ ಶೋಬ್ಯಾಂಡುಗಳ ಕಾಲ. ಅದುವರೆಗೆ ಡ್ಯಾನ್ಸ್ ಬ್ಯಾಂಡಿನವರು ಮುಂದೆ ಸ್ಟ್ಯಾಂಡ್ ಇಟ್ಟುಕೊಂಡು ಕೂತೇ ನುಡಿಸುತ್ತಿದ್ದರು. ಸ್ಟ್ರಬ್ಯಾನ್ ಊರಿನ ಕ್ಲಿಪರ್ ಕಾರ್ಲ್‌ಟನ್ ಬ್ಯಾಂಡಿನವರು ಎದ್ದು ನಿಂತು, ತಾವೂ ಕುಣಿಯುತ್ತ ನುಡಿಸತೊಡಗಿದರು. ವಾಟರ್‌ಫರ್ಡಿನ ರಾಯಲ್ ಶೋಬ್ಯಾಂಡ್ 1965ರಲ್ಲಿ ‘ಹಕಲ್‌ಬಕ್’ ಹಾಡಿನಿಂದ ದೇಶವನ್ನೇ ಕುಣಿಸಿತು, ಅದು ಇಂದಿಗೂ ಮದುವೆಗಳಲ್ಲಿ ಓಡುತ್ತದೆ. ಊರ ಹೊರಗಿನ ಬಯಲುಗಳಲ್ಲಿ ದೊಡ್ಡ ಬಾಲ್‌ರೂಮುಗಳು ಎದ್ದವು. ಅಂಥ ಬಾಲ್‌ರೂಮುಗಳನ್ನು ನಡೆಸಿ ಮೇಲೆ ಬಂದ ಆಲ್ಬರ್ಟ್ ರೆನಾಲ್ಡ್ಸ್ 1992ರಲ್ಲಿ ದೇಶದ ಪ್ರಧಾನಿಯೇ ಆದರು. 1970ರ ದಶಕದಲ್ಲಿ ಡಿಸ್ಕೋ ಬಂದು ಬಾಲ್‌ರೂಮುಗಳು ಮುಚ್ಚಿದಾಗ ಎಷ್ಟೋ ಕಲಾವಿದರು ಹೋಟೆಲ್ ಲೌಂಜು, ಮದುವೆಗಳ ಕಡೆ ತಿರುಗಿದರು. ಒಂದೇ ರಾತ್ರಿಯಲ್ಲಿ ವಾಲ್ಟ್ಸ್ (ಜೋಡಿಯಾಗಿ ಸುತ್ತುತ್ತ ಮಾಡುವ ಕುಣಿತ), ರಾಕ್, ಕಂಟ್ರಿ, ಜಿಗ್ ಎಲ್ಲವನ್ನೂ ನುಡಿಸಿ ಎಲ್ಲ ವಯಸ್ಸಿನವರನ್ನೂ ಎಬ್ಬಿಸುವ ಅವರ ಕಸುಬು ಈಗಿನ ಮದುವೆ ಬ್ಯಾಂಡುಗಳಿಗೂ ಬಂದಿದೆ.

ಇದು ಅವರಿಗೆ ಎಷ್ಟು ಬೇಕಾದದ್ದು ಎಂಬುದು ಕೊರೊನಾ ಕಾಲದಲ್ಲಿ ಗೊತ್ತಾಯಿತು. 2021ರ ಆಗಸ್ಟಿನಲ್ಲಿ ಮದುವೆಗೆ 100 ಜನ ಸೇರಬಹುದು ಎಂದಾಯಿತು, ಆದರೆ ಬ್ಯಾಂಡಿಗೂ ಕುಣಿತಕ್ಕೂ ಅನುಮತಿ ಇರಲಿಲ್ಲ. ಊಟ ಇದೆ, ಬಳಗ ಇದೆ, ಕುಣಿತ ಇಲ್ಲ ಎಂದ ಮೇಲೆ ಅದೆಂಥ ಮದುವೆ ಎಂದು ದಿನವನ್ನೇ ಮುಂದಕ್ಕೆ ಹಾಕಿದವರು ಬಹಳ.

ಈಗ ಡಿಜೆಯ ಪ್ರಶ್ನೆ. ಡಿಜೆ ಹೇಗೂ ಇರುತ್ತಾರೆ. ಸಾಮಾನ್ಯವಾಗಿ ಬ್ಯಾಂಡ್ ಒಂಬತ್ತೂವರೆಯಿಂದ ಎರಡು, ಎರಡೂವರೆ ಗಂಟೆ ನುಡಿಸುತ್ತದೆ, ಆಮೇಲೆ ಎರಡು ಗಂಟೆ ರಾತ್ರಿಯವರೆಗೆ ಡಿಜೆ. ಎಷ್ಟೋ ಬ್ಯಾಂಡುಗಳು ಡಿಜೆಯನ್ನೂ ಸೇರಿಸಿಯೇ ದರ ಹೇಳುತ್ತವೆ. ಬೀಗರು ಹೇಳಿದ 3,000ದಲ್ಲಿ ಅದು ಸೇರಿದೆಯೇ ಕೇಳಿ. ನಾಲ್ಕೈದು ಜನರ ಒಳ್ಳೆಯ ಬ್ಯಾಂಡಿಗೆ 2,500ರಿಂದ 4,000 ಯೂರೋ ಈಗ ನಡೆಯುವ ದರ, ಹಾಗಾಗಿ ಅವರು ಹೇಳಿದ್ದು ಹೆಚ್ಚೇನಲ್ಲ. ಆ ಐವರು ಮಧ್ಯಾಹ್ನವೇ ವ್ಯಾನಿಗೆ ಸಾಮಾನು ತುಂಬಿ ಹೊರಟಿರುತ್ತಾರೆ, ಊಟದ ಟೇಬಲುಗಳು ಸರಿಯುವವರೆಗೆ ಕಾಯುತ್ತಾರೆ, ಎಲ್ಲ ಬಿಚ್ಚಿ ಮನೆ ಸೇರುವಾಗ ನಸುಕಾಗಿರುತ್ತದೆ.

ಬರೀ ಡಿಜೆ ಸಾಲದು ಅನ್ನಲು ನನಗಿರುವ ಕಾರಣ ಹಿರಿಯರು. ಸ್ಪೀಕರಿನಿಂದ ಬರುವ ಹಾಡಿಗೆ ಇಪ್ಪತ್ತೈದರ ಹುಡುಗರು ಎದ್ದು ಬರುತ್ತಾರೆ, ಅರವತ್ತೈದರ ಅಜ್ಜಿ ಬರುವುದಿಲ್ಲ. ಎದುರಿಗೆ ನಿಂತು ಹಾಡುವವರು ತಮ್ಮ ಕಡೆ ನೋಡಿ ನಕ್ಕು, ತಮ್ಮ ಕಾಲದ ಹಾಡು ಎತ್ತಿಕೊಂಡರೆ ಬರುತ್ತಾರೆ. ನಾನು ಮಿಕ್ಸರಿನ ಹಿಂದೆ ನಿಂತು ಇದನ್ನು ನೋಡುತ್ತಲೇ ಇರುತ್ತೇನೆ. ಹಾಡುವವರ ಕಣ್ಣು ಕುಣಿಯುವವರ ಮೇಲಿರುವುದಿಲ್ಲ. ಅವರಾಚೆ ಕೂತವರ ಮೇಲಿರುತ್ತದೆ. ಯಾವ ಟೇಬಲಿನಲ್ಲಿ ಕಾಲು ತಾಳ ಹಾಕುತ್ತಿದೆ, ಯಾರು ಕುರ್ಚಿಯ ಅಂಚಿಗೆ ಬಂದಿದ್ದಾರೆ, ಯಾರು ಕೋಟಿನ ತೋಳಿಗೆ ಕೈ ಹಾಕಿ ಹೊರಡುವ ಯೋಚನೆಯಲ್ಲಿದ್ದಾರೆ, ಇವನ್ನೆಲ್ಲ ನೋಡಿ ಮುಂದಿನ ಹಾಡು ತೀರ್ಮಾನವಾಗುತ್ತದೆ. ಬರೆದುಕೊಂಡ ಪಟ್ಟಿ ನೆಲದ ಮೇಲೆ ಬಿದ್ದಿರುತ್ತದೆ, ಅದರಲ್ಲಿ ಅರ್ಧ ಬಿಟ್ಟುಹೋಗಿರುತ್ತದೆ. ಜನ ಬಿಡುವ ಹಾಗೆ ಕಾಣದಿದ್ದರೆ ನಾಯಕ ತನ್ನ ತಲೆ ಮುಟ್ಟಿ ತೋರಿಸುತ್ತಾರೆ, ಹಾಡು ಮತ್ತೆ ಮೊದಲಿನಿಂದ. ಮುಷ್ಟಿ ಎತ್ತಿದರೆ ಈ ಸುತ್ತು ಆದ ಮೇಲೆ ಮುಗಿಸಿ ಎಂದರ್ಥ. ಅಷ್ಟರಲ್ಲಿ ಡ್ರಮ್ಮಿನವರು ಮುಂದಿನ ಹಾಡಿನ ಲಯ ಹಿಡಿದಾಗಿರುತ್ತದೆ, ಯಾಕೆಂದರೆ ನಡುವೆ ಹತ್ತು ಸೆಕೆಂಡು ಸದ್ದು ನಿಂತರೆ ಅರ್ಧ ಜನ ಬಾರಿನ ಕಡೆ ನಡೆದುಬಿಡುತ್ತಾರೆ.

ಆದ್ದರಿಂದ ಬ್ಯಾಂಡಿಗೆ ನಲವತ್ತು ಹಾಡಿನ ಪಟ್ಟಿ ಕಳಿಸಬೇಡಿ. ಮೊದಲ ಕುಣಿತದ ಹಾಡು ಯಾವುದೆಂದು ತಿಳಿಸಿ, ಬೇಕೇ ಬೇಕಾದ ನಾಲ್ಕೈದು, ಬೇಡವೇ ಬೇಡವಾದ ಒಂದೆರಡು ಹೇಳಿ. ಅದಕ್ಕಿಂತ ಮುಖ್ಯವಾಗಿ ಜನರ ವಿವರ ಕೊಡಿ: ಅತ್ತೆಯವರಿಗೆ ಎಪ್ಪತ್ತೈದು, ವಾಲ್ಟ್ಸ್‌ಗಾದರೆ ಒಂದು ಸುತ್ತು ಬರಬಹುದು, ಹುಡುಗನ ಚಿಕ್ಕಪ್ಪ ಜೈವ್ ಎಂಬ ಜೋಡಿ ಕುಣಿತ ಚೆನ್ನಾಗಿ ಮಾಡುತ್ತಾರೆ, ಭಾರತದಿಂದ ಬಂದ ಇಪ್ಪತ್ತು ಜನ ಎಡಗಡೆಯ ಎರಡು ಟೇಬಲಿನಲ್ಲಿರುತ್ತಾರೆ. ಇಷ್ಟು ಗೊತ್ತಿದ್ದರೆ ಒಳ್ಳೆಯ ಬ್ಯಾಂಡ್ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ದಿನ ಹೀಗೆ ಸಾಗುತ್ತದೆ. ಚರ್ಚಿನ ವಿಧಿಯೋ ರಿಜಿಸ್ಟ್ರಾರರ ಮುಂದಿನ ವಿಧಿಯೋ ಮಧ್ಯಾಹ್ನ ಒಂದೂವರೆ, ಎರಡಕ್ಕೆ. ಆಮೇಲೆ ಹೋಟೆಲಿನಲ್ಲಿ ನಿಂತುಕೊಂಡೇ ಪಾನೀಯ, ಫೋಟೋ. ಅಲ್ಲೊಬ್ಬರು ಹಾರ್ಪೋ ಪಿಟೀಲೋ ನುಡಿಸುತ್ತಿರಬಹುದು. ಐದರ ಮೇಲೆ ಊಟ, ಭಾಷಣಗಳು. ಒಂಬತ್ತರ ಹೊತ್ತಿಗೆ ಹೊಸ ಜನ ಬಂದು ಸೇರುವುದನ್ನು ನೋಡಿ ಗಾಬರಿಯಾಗಬೇಡಿ. ಸಹೋದ್ಯೋಗಿಗಳು, ಅಕ್ಕಪಕ್ಕದವರು, ಆಟದ ಕ್ಲಬ್ಬಿನ ಗೆಳೆಯರನ್ನು ರಾತ್ರಿಯ ಕುಣಿತಕ್ಕೆ ಮಾತ್ರ ಕರೆಯುವ ಪದ್ಧತಿ ಇದೆ, ಅದಕ್ಕೆ ‘ಆಫ್ಟರ್ಸ್’ ಎನ್ನುತ್ತಾರೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಅವರಿಗೂ ಉಳಿದವರಿಗೂ ಚಹಾ, ಸ್ಯಾಂಡ್‌ವಿಚ್, ಸಣ್ಣ ಸಾಸೇಜುಗಳು ಬರುತ್ತವೆ. ಶಾಕಾಹಾರಿಗಳಿದ್ದರೆ ಈ ತಿಂಡಿಯ ಬಗ್ಗೆಯೂ ಹೋಟೆಲಿಗೆ ಮೊದಲೇ ಹೇಳಿ. ಊಟದ್ದನ್ನು ಹೇಳಿ ಇದನ್ನು ಮರೆಯುವವರೇ ಹೆಚ್ಚು.

ಭಾಷಣ ಉದ್ದವಾದರೆ ಪೆಟ್ಟು ಬೀಳುವುದು ಬ್ಯಾಂಡಿಗೆ. ಊಟ ಮುಗಿಯದೆ ಟೇಬಲು ಸರಿಯುವುದಿಲ್ಲ, ಟೇಬಲು ಸರಿಯದೆ ಸಾಮಾನು ಜೋಡಿಸಲಾಗುವುದಿಲ್ಲ, ಆದರೆ ಮುಗಿಸುವ ಸಮಯ ಮಾತ್ರ ಕರಾರಿನಲ್ಲಿ ಬರೆದಂತೆಯೇ ಇರುತ್ತದೆ. ನಿಮ್ಮ ಯಜಮಾನರು ಮಾತನಾಡುವುದಿದ್ದರೆ ಐದಾರು ನಿಮಿಷಕ್ಕೆ ಮುಗಿಸಲಿ. ನಾಲ್ಕು ಸಾಲು ಕನ್ನಡದಲ್ಲಿ ಹೇಳಿ ಮಗಳ ಕೈಲಿ ಇಂಗ್ಲಿಷಿಗೆ ತಿರುಗಿಸಿದರೆ ಅಲ್ಲಿಯವರು ಮನಸಾರೆ ಚಪ್ಪಾಳೆ ತಟ್ಟುತ್ತಾರೆ.

ಇನ್ನು ಕುಣಿತ. ಐರಿಷ್ ಕುಣಿತ ಎಂದಾಕ್ಷಣ ನಿಮ್ಮ ಕಣ್ಣ ಮುಂದೆ ಬರುವುದು ‘ರಿವರ್‌ಡ್ಯಾನ್ಸ್’ ಇರಬೇಕು: ಸಾಲಾಗಿ ನಿಂತು, ಕೈ ಅಲುಗಿಸದೆ, ಕಾಲನ್ನು ಮಿಂಚಿನಂತೆ ಆಡಿಸುವುದು. 1994ರ ಯೂರೋವಿಷನ್ ಸ್ಪರ್ಧೆಯ ಬಿಡುವಿನಲ್ಲಿ ಡಬ್ಲಿನ್‌ನಲ್ಲಿ ಪ್ರದರ್ಶನವಾಗಿ ಜಗತ್ತಿಗೆಲ್ಲ ಗೊತ್ತಾದದ್ದು ಅದು. ವರ್ಷಗಟ್ಟಲೆ ಕಲಿತವರ ವಿದ್ಯೆ, ಮದುವೆಯಲ್ಲಿ ಅದನ್ನು ಯಾರೂ ನಿಮ್ಮಿಂದ ಕೇಳುವುದಿಲ್ಲ. ಕಲಿತ ಸೋದರ ಸಂಬಂಧಿ ಹುಡುಗಿಯೊಬ್ಬಳು ನಡುವೆ ಬಂದು ಎರಡು ನಿಮಿಷ ಮಾಡಿ ತೋರಿಸಬಹುದು, ಅಷ್ಟೇ.

ನೀವು ಕಲಿತುಕೊಂಡು ಹೋಗಬೇಕಾದದ್ದು ಒಂದೇ, ಅದರ ಹೆಸರು ‘ಸೀಜ್ ಆಫ್ ಎನಿಸ್’. ಮದುವೆ ನಡೆಯುವ ಊರಿನ ಹೆಸರೇ ಅದಕ್ಕಿದೆ. ಬ್ಯಾಂಡಿನ ಪಿಟೀಲೋ ಅಕಾರ್ಡಿಯನ್ನೋ ಜಿಗ್ ಶುರು ಮಾಡುತ್ತದೆ. ಎರಡು ಜೋಡಿ, ಅಂದರೆ ನಾಲ್ಕು ಜನ, ಕೈ ಕೈ ಹಿಡಿದು ಒಂದು ಸಾಲು. ಎದುರಿಗೆ ಮುಖ ಮಾಡಿ ಇನ್ನೊಂದು ನಾಲ್ವರ ಸಾಲು. ಇಂಥ ಸಾಲುಗಳು ಹಾಲಿನ ಈ ತುದಿಯಿಂದ ಆ ತುದಿಯವರೆಗೆ. ಎರಡೂ ಸಾಲು ಒಂದರ ಕಡೆಗೊಂದು ಮೂರು ಹೆಜ್ಜೆ ಮುಂದೆ ಬಂದು ಹಿಂದೆ ಹೋಗುತ್ತವೆ, ಹಾಗೆ ಎರಡು ಸಲ. ಆಮೇಲೆ ಒಂದೇ ಸಾಲಿನ ಎರಡು ಜೋಡಿಗಳು ಪಕ್ಕಕ್ಕೆ ಜಾರುತ್ತ ಜಾಗ ಬದಲಿಸುತ್ತವೆ, ಒಂದು ಜೋಡಿ ಮುಂದಿನಿಂದ, ಇನ್ನೊಂದು ಹಿಂದಿನಿಂದ, ಹಾಗೆಯೇ ವಾಪಸು. ಆಮೇಲೆ ನಡುವಿನ ನಾಲ್ವರು ಬಲಗೈ ಸೇರಿಸಿ ಚಕ್ರ ಸುತ್ತುತ್ತಾರೆ, ಅಂಚಿನವರು ಎದುರಿನವರ ಕೈ ಹಿಡಿದು ಗಿರಕಿ ಹೊಡೆಯುತ್ತಾರೆ. ಕೊನೆಗೆ ಮತ್ತೊಮ್ಮೆ ಮುಂದೆ ಬಂದು ಹಿಂದೆ ಹೋಗಿ, ಒಂದು ಸಾಲು ಕೈ ಎತ್ತಿ ಕಮಾನು ಮಾಡುತ್ತದೆ, ಎದುರಿನ ಸಾಲು ಅದರಡಿ ನುಸುಳುತ್ತದೆ. ನುಸುಳಿ ತಲೆ ಎತ್ತಿದರೆ ಎದುರಿಗೆ ನಾಲ್ಕು ಹೊಸ ಮುಖ, ಮತ್ತೆ ಮೊದಲಿನಿಂದ.

ಇದನ್ನೇ ಕಲಿಯಿರಿ ಅಂದದ್ದು ಈ ಹೊಸ ಮುಖಗಳಿಗಾಗಿ. ಹತ್ತು ನಿಮಿಷದಲ್ಲಿ ನಿಮ್ಮ ಅತ್ತಿಗೆ ಹುಡುಗನ ಬಾಸ್, ಅವನ ಸೋದರತ್ತೆ, ಪಕ್ಕದ ತೋಟದ ರೈತ, ಹಾಲು ಹಲ್ಲಿನ ಪೋರ, ಎಲ್ಲರ ಕೈ ಹಿಡಿದಾಗಿರುತ್ತದೆ. ಜೋಡಿ ಅಂದರೆ ಗಂಡು ಹೆಣ್ಣೇ ಆಗಬೇಕಿಲ್ಲ, ಇಬ್ಬರು ಅಕ್ಕ ತಂಗಿಯರು ಜೋಡಿಯಾಗಬಹುದು, ಅಜ್ಜಿ ಮೊಮ್ಮಗ ಆಗಬಹುದು. ತಪ್ಪಿದರೆ ಎದುರಿನವರು ಭುಜ ಹಿಡಿದು ತಿರುಗಿಸಿ ಬಿಡುತ್ತಾರೆ. ಬ್ಯಾಂಡಿನವರಿಗೆ “ಮೈಕಿನಲ್ಲಿ ಹೆಜ್ಜೆ ಕೂಗಿ ಹೇಳಿ” ಎಂದು ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ಎಂಟು ಜನ ಸೇರಿದ ದಿನ ಹಾಲಿನ ಕುರ್ಚಿ ಸರಿಸಿ ಎರಡು ಸಲ ಮಾಡಿ ನೋಡಿದರೆ ಸಾಕು. ಕೋಲಾಟದಲ್ಲಿ ಜಾಗ ಬದಲಿಸಿ ಅಭ್ಯಾಸ ಇರುವವರಿಗೆ ಇದು ಒಂದು ಸಂಜೆಯ ಕೆಲಸ. ‘ವಾಲ್ಸ್ ಆಫ್ ಲಿಮರಿಕ್’ ಎಂಬ ಇನ್ನೊಂದಿದೆ, ಇಬ್ಬರಿಗೆ ಇಬ್ಬರು ಎದುರಾಗಿ ರೀಲಿಗೆ ಕುಣಿಯುವುದು. ಇದು ಬಂದರೆ ಅದೂ ಬಂದಂತೆ.

ಸೀರೆಯುಟ್ಟವರು ನೆರಿಗೆಯನ್ನು ಕಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಉಟ್ಟು ಪಿನ್ ಹಾಕಿಕೊಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಸಾಲು ಹಿಂದೆ ಸರಿಯುವಾಗ ಪಕ್ಕದವರು ಸೀರೆ ತುಳಿಯುವುದೇ ದೊಡ್ಡ ಭಯ. ಎತ್ತರದ ಹಿಮ್ಮಡಿ ಬೇಡ. ಅಲ್ಲಿಯ ಹೆಂಗಸರೂ ಹತ್ತು ಗಂಟೆಗೆ ಚಪ್ಪಲಿ ಬದಲಿಸಿಬಿಡುತ್ತಾರೆ.

ಜೈವ್ ಬೇರೆ ಥರ. ಕಂಟ್ರಿ ಹಾಡಿಗೆ ಇಬ್ಬರು ಕೈ ಹಿಡಿದು, ಹಿಂದಕ್ಕೊಂದು ಹೆಜ್ಜೆ ತೂಗಿ, ತಿರುಗಿಸುತ್ತ ಮಾಡುವುದು. ಡೊನೆಗಾಲ್, ಮೇಯೋ, ನಡುನಾಡಿನ ಕೌಂಟಿಗಳಲ್ಲಿ ಇದಕ್ಕೆ ಕ್ಲಾಸುಗಳೇ ನಡೆಯುತ್ತವೆ, ಡಬ್ಲಿನ್ ಮದುವೆಗಳಲ್ಲಿ ಅಷ್ಟು ಕಾಣದು. ಬಾರದವರು ನೋಡುವುದೇ ಸರಿ, ನೋಡಲೂ ಚೆಂದ. ವಾಲ್ಟ್ಸ್‌ಗೆ ಮಾತ್ರ ಒಪ್ಪಿಕೊಳ್ಳಿ. ಮದುಮಕ್ಕಳು ಮೊದಲ ಹಾಡಿಗೆ ಇಬ್ಬರೇ ಕುಣಿದ ಮೇಲೆ ಬೆಸ್ಟ್ ಮ್ಯಾನ್ (ಮದುಮಗನ ಜೊತೆ ನಿಲ್ಲುವ ಆಪ್ತ), ಮದುಮಗಳ ಗೆಳತಿಯರು, ಆಮೇಲೆ ಎರಡೂ ಕಡೆಯ ತಂದೆ ತಾಯಿ ನೆಲಕ್ಕಿಳಿಯುವುದು ವಾಡಿಕೆ. ಆಗ ನಿಮ್ಮ ಬೀಗರು ಬಂದು ಕೈ ಚಾಚಬಹುದು. ಕುಣಿಯುವುದು ನಿಮಗೆ ಸರಿ ಅನ್ನಿಸದಿದ್ದರೆ ಎದ್ದು ನಿಂತು, ಕೈ ಮುಗಿದು, ನೆಲದ ಅಂಚಿನವರೆಗೆ ಅವರ ಜೊತೆ ನಡೆದು ಹೋಗಿ ಚಪ್ಪಾಳೆ ಹಾಕಿ. ಕೂತಲ್ಲಿಂದಲೇ ಬೇಡ ಅನ್ನುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಸುಮ್ಮನೆ ಕೂತರೆ ಬೇಸರವಾದೀತೇ ಎಂದು ಕೇಳಿದ್ದೀರಿ. ಕೂತರೆ ಯಾರಿಗೂ ಬೇಸರವಿಲ್ಲ, ಅವರಲ್ಲೂ ಕೂತೇ ಇರುವವರು ಇದ್ದಾರೆ. ಬ್ಯಾಂಡ್ ಶುರುವಾಗುವ ಮುಂಚೆ ಇಪ್ಪತ್ತೂ ಜನ ಒಟ್ಟಿಗೆ ಎದ್ದು ರೂಮಿಗೆ ಹೋದರೆ ಮಾತ್ರ ಅವರ ಮನಸ್ಸಿಗೆ ತಾಗುತ್ತದೆ. ಮೊದಲ ಒಂದು ಗಂಟೆ ಎಲ್ಲರೂ ಇರಿ, ಆಮೇಲೆ ದಣಿದವರು ಹೇಳಿ ಹೊರಡಲಿ.

ನಡುವೆ ಒಂದು ಹಾಡಿಗೆ ಎಲ್ಲರೂ ಒಬ್ಬರ ಹಿಂದೊಬ್ಬರು ನೆಲದ ಮೇಲೆ ಕೂತು ದೋಣಿ ಹುಟ್ಟು ಹಾಕುವ ಹಾಗೆ ಹಿಂದೆ ಮುಂದೆ ತೂಗುವುದನ್ನು ಕಂಡರೆ ಯಾರಿಗೋ ಏನೋ ಆಯಿತು ಎಂದು ಓಡಬೇಡಿ. 1974ರ ಅಮೆರಿಕದ ‘ರಾಕ್ ದ ಬೋಟ್’ ಹಾಡಿಗೆ ಐರ್ಲೆಂಡಿನವರು ಕಟ್ಟಿಕೊಂಡಿರುವ ಆಟ ಅದು.

ಕ್ಲೇರ್ ಆದ್ದರಿಂದ ಇನ್ನೊಂದು ಸೂಚನೆ, ಹಿರಿಯರಿಗೆ ಮೊದಲೇ ಹೇಳಿಟ್ಟಿರಿ. ರಾತ್ರಿ ಇದ್ದಕ್ಕಿದ್ದಂತೆ ಬಾಗಿಲು ತೆರೆದು, ಒಣಹುಲ್ಲಿನ ಎತ್ತರದ ಟೋಪಿಯಿಂದ ಮುಖ ಪೂರ್ತಿ ಮುಚ್ಚಿಕೊಂಡ ಗುಂಪೊಂದು ಒಳಗೆ ನುಗ್ಗಬಹುದು. ಇವರು ‘ಸ್ಟ್ರಾಬಾಯ್ಸ್’. ಕರೆಯದೆ ಬಂದು, ಅವರ ನಾಯಕ ಮದುಮಗಳ ಜೊತೆ ಒಂದು ಸುತ್ತು ಕುಣಿದು, ಉಳಿದವರು ಮನೆಯವರನ್ನು ಎಳೆದು ಕುಣಿಸಿ, ಶುಭ ಹಾರೈಸಿ ಹೋಗುವುದು ಹಳೆಯ ಪದ್ಧತಿ. ಹಿಂದೆ ಅಲ್ಲಿ ಹಳ್ಳಿಯ ಮದುವೆಗಳು ಬಹುಪಾಲು ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ವ್ರತ ಶುರುವಾಗುವ ಮುಂಚಿನ ವಾರಗಳಲ್ಲೇ ಆಗುತ್ತಿದ್ದವು, ಇವರು ಹುಲ್ಲು ಹೆಣೆದುಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದರು. ಈಗ ಹುಡುಗನ ಗೆಳೆಯರು ಯಾರಿಗೂ ತಿಳಿಸದೆ ಏರ್ಪಾಡು ಮಾಡಿರುತ್ತಾರೆ. ಮುಖವಾಡದ ಹಿಂದೆ ಯಾರಿದ್ದಾರೆ ಎಂದು ಎಳೆದು ನೋಡಬಾರದು, ಬಂದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು, ಈಗಲೂ ಹುಲ್ಲಿನ ಸರಸರ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತೇನೆ.

ನಿಮ್ಮ ಹಾಡುಗಳ ವಿಷಯ. ಖಂಡಿತ ಹಾಕಿಸಿ, ಯಾವಾಗ ಎಂಬುದನ್ನು ಮಾತ್ರ ಯೋಚಿಸಿ. ಊಟ ಮುಗಿದ ಕೂಡಲೇ ಹಾಕಿದರೆ ಟೇಬಲು ಸರಿಸುವ ಗದ್ದಲದಲ್ಲಿ ಹೋಗುತ್ತದೆ. ಡಿಜೆಯ ಪಾಲಿಗೆ ಬಿಟ್ಟರೆ ಹನ್ನೆರಡು ದಾಟಿರುತ್ತದೆ, ಭಾರತದ ಗಡಿಯಾರದಲ್ಲೇ ಇರುವ ನಿಮ್ಮವರು ಅಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ. ಬ್ಯಾಂಡ್ ತಿಂಡಿಯ ಹೊತ್ತಿಗೆ ಒಂದು ಬಿಡುವು ತೆಗೆದುಕೊಳ್ಳಲಿ, ಆ ಹದಿನೈದು ನಿಮಿಷ ನಿಮ್ಮದು. ನಾಲ್ಕು ಹಾಡು ಸಾಕು, ನಡುವೆ ತುಂಡಾಗದಂತೆ ಒಂದೇ ಫೈಲಿಗೆ ಜೋಡಿಸಿ ನನ್ನಂಥವರಿಗೆ ವಾರ ಮುಂಚೆ ಕಳಿಸಿ. ಯುಟ್ಯೂಬ್ ಹುಡುಕುತ್ತ ನಿಲ್ಲುವುದು ಬೇಡ, ಎಷ್ಟೋ ಹಳ್ಳಿ ಕಡೆಯ ಹೋಟೆಲಿನ ಹಾಲಿನಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಆರು ಮಾತ್ರೆಯ ನಡೆಯಿರುವ ಜಾನಪದ ಹಾಡೊಂದನ್ನು ಸೇರಿಸಿ, ಜಿಗ್‌ಗೆ ಕುಣಿದು ಬಿಸಿಯಾಗಿರುವ ಕಾಲುಗಳು ತಾವಾಗಿಯೇ ಅದಕ್ಕೆ ಕೂಡುತ್ತವೆ. ನಿಮ್ಮ ಸೊಸೆಯಂದಿರು, ನಾದಿನಿಯರು ನಡುವೆ ನಿಂತು ಸುಲಭದ ಹೆಜ್ಜೆ ತೋರಿಸಿದರೆ ಇಡೀ ಹಾಲು ಹಿಂದೆ ಬರುತ್ತದೆ. ಗುಂಪಾಗಿ ಅಭ್ಯಾಸ ಮಾಡಿದ ಪ್ರದರ್ಶನ ಇಟ್ಟರೆ ಅವರು ಪಾಪ ವೃತ್ತ ಕಟ್ಟಿ ನಿಂತು ನೋಡಿ ಚಪ್ಪಾಳೆ ತಟ್ಟುತ್ತಾರೆ. ಅದಕ್ಕಿಂತ ಅವರನ್ನೂ ಒಳಗೆ ಎಳೆದುಕೊಳ್ಳುವುದೇ ನನಗೆ ಇಷ್ಟ.

ಡೊಳ್ಳೋ ಢೋಲೋ ತರುವ ಯೋಚನೆ ಇದ್ದರೆ ಹೋಟೆಲಿಗೆ ಒಂದು ಮಾತು ಕೇಳಿ: ಸೌಂಡ್ ಲಿಮಿಟರ್ ಇದೆಯೇ? ಮನೆಗಳ ಹತ್ತಿರವಿರುವ ಕೆಲವು ಹೋಟೆಲುಗಳಲ್ಲಿ ಗೋಡೆಗೆ ಒಂದು ಪೆಟ್ಟಿಗೆ ಇರುತ್ತದೆ, ಹಸಿರು, ಹಳದಿ, ಕೆಂಪು ದೀಪದ್ದು. ಸದ್ದು ಮಿತಿ ಮೀರಿ ಕೆಲವು ಸೆಕೆಂಡು ಕೆಂಪು ಉಳಿದರೆ ವೇದಿಕೆಯ ಕರೆಂಟೇ ಹೋಗುತ್ತದೆ. ಒಮ್ಮೆಗೇ ಎಲ್ಲ ಆರಿ ಮತ್ತೆ ಬಂದರೆ ಉಪಕರಣ ಹಾಳಾಗುವುದೂ ಉಂಟು, ಕುಣಿಯುತ್ತಿದ್ದವರ ಹುರುಪಂತೂ ಇಳಿದೇ ಹೋಗುತ್ತದೆ. ಲಿಮಿಟರ್ ಇದೆ ಎಂದರೆ ಬ್ಯಾಂಡಿನವರು ಎಲೆಕ್ಟ್ರಾನಿಕ್ ಡ್ರಮ್ ತರುತ್ತಾರೆ. ಬಾರಿಸುವ ಡೊಳ್ಳಿಗೆ ವಾಲ್ಯೂಮ್ ಗುಂಡಿ ಇಲ್ಲವಲ್ಲ. ಅದನ್ನು ಮಧ್ಯಾಹ್ನ ಹೋಟೆಲಿನ ಅಂಗಳದಲ್ಲಿ ಮದುಮಕ್ಕಳನ್ನು ಎದುರುಗೊಳ್ಳುವಾಗ ಬಾರಿಸಿ. ಹಿರಿಯರ ಟೇಬಲು ಸ್ಪೀಕರಿನ ಮುಂದೆ ಬ್ಯಾಡ ಎಂದು ಹೇಳಿ, ಮೂಲೆಯಲ್ಲೋ ಹಿಂಬದಿಯಲ್ಲೋ ಹಾಕಿಸಿ.

ಬ್ಯಾಂಡನ್ನು ಗೊತ್ತು ಮಾಡುವ ಮುಂಚೆ ಅಳಿಯ ಮಗಳು ಇಬ್ಬರೂ ಒಮ್ಮೆ ಎದುರಿಗೆ ಕೇಳಲಿ. ಬ್ಯಾಂಡುಗಳು ಹೋಟೆಲುಗಳಲ್ಲಿ ಇದಕ್ಕಾಗಿಯೇ ಶೋಕೇಸ್ ರಾತ್ರಿಗಳನ್ನು ಇಡುತ್ತವೆ. ಎಡಿಟ್ ಮಾಡಿದ ವಿಡಿಯೋ ನಂಬಬೇಡಿ, ಅದರಲ್ಲಿ ಎಲ್ಲರೂ ಚೆನ್ನಾಗಿಯೇ ಹಾಡುತ್ತಾರೆ. ವಿಡಿಯೋದಲ್ಲಿದ್ದವರೇ ಮದುವೆಗೂ ಬರುತ್ತಾರೆಯೇ ಎಂದು ಕೇಳಿ ಬರೆಸಿಕೊಳ್ಳಿ. ಪಿಟೀಲೋ ಅಕಾರ್ಡಿಯನ್ನೋ ಇರುವ ಬ್ಯಾಂಡೇ ಆಗಲಿ, ಕ್ಲೇರಿನಲ್ಲಿ ಅದಿಲ್ಲದೆ ನಡೆಯದು. ಬೇಸಿಗೆಯ ಶನಿವಾರವಾದರೆ ಒಂದು, ಒಂದೂವರೆ ವರ್ಷ ಮುಂಚೆಯೇ ಹಿಡಿಯಬೇಕು. ಮುಂಗಡ ಕೊಟ್ಟಿದ್ದಕ್ಕೆ ರಸೀದಿ ಇರಲಿ, ಬಾಕಿಯನ್ನು ಅಂದು ಬೆಸ್ಟ್ ಮ್ಯಾನ್ ಕೈಯಿಂದ ಲಕೋಟೆಯಲ್ಲಿ ಕೊಡಿಸುವುದು ರೂಢಿ. ಬ್ಯಾಂಡಿನವರಿಗೆ ಊಟ ಹೇಳುವುದನ್ನು ಮರೆಯಬೇಡಿ.

ಕೊನೆಯಲ್ಲಿ, ಬ್ಯಾಂಡ್ ಅಥವಾ ಡಿಜೆ ಮುಗಿಸುವಾಗ ಕೆಲವು ಕಡೆ ಐರಿಷ್ ರಾಷ್ಟ್ರಗೀತೆ ನುಡಿಸುತ್ತಾರೆ. ಶೋಬ್ಯಾಂಡುಗಳ ಕಾಲದಿಂದ ಬಂದ ಪದ್ಧತಿ. ಎಲ್ಲರೂ ನಿಂತಾಗ ನೀವೂ ನಿಲ್ಲಿ. ಅಲ್ಲಿಗೂ ಮುಗಿಯುವುದಿಲ್ಲ, ಹೋಟೆಲಿನಲ್ಲೇ ಉಳಿದವರು ಬಾರಿನಲ್ಲಿ ಕೂತು ಒಬ್ಬೊಬ್ಬರಾಗಿ ಹಾಡುತ್ತಾರೆ, ವಾದ್ಯವಿಲ್ಲದೆ. ಎಚ್ಚರವಿದ್ದ ನಿಮ್ಮವರನ್ನೂ ಹಾಡಲು ಕೇಳುತ್ತಾರೆ. ಆಗ ಒಂದು ಭಾವಗೀತೆಯೋ ಸೋಬಾನೆಯೋ ಪೂರ್ತಿ ಹಾಡಿ; ಅರ್ಥ ಕೇಳುವುದು ಆಮೇಲೆ, ಮೊದಲು ಇಡೀ ಬಾರು ಸದ್ದಿಲ್ಲದೆ ಕೇಳುತ್ತದೆ.

ಮಾರನೆಯ ದಿನ ಯಾವುದಾದರೂ ಪಬ್ಬಿನಲ್ಲಿ ಮತ್ತೆ ಸೇರುವುದಿರುತ್ತದೆ, ಅಲ್ಲಿ ಊರಿನ ವಾದ್ಯದವರು ಮೇಜಿನ ಸುತ್ತ ಕೂತು ನುಡಿಸುತ್ತಾರೆ. ನಿಮ್ಮ ಬಳಗದಲ್ಲಿ ತಬಲಾ ನುಡಿಸುವವರಿದ್ದರೆ ತರಲಿ, ಧಾರವಾಡದವರಲ್ಲವೇ, ಒಬ್ಬರಾದರೂ ಇರಬೇಕು. ಹೋದ ಕೂಡಲೇ ಶುರು ಮಾಡಬಾರದು. ಎರಡು ಮೂರು ರಾಗ ಕೇಳಿ, ಹಿರಿಯ ವಾದಕರನ್ನು ಕೇಳಿಕೊಂಡು ಕೂರಬೇಕು, ಬೋರಾನ್ ಚರ್ಮವಾದ್ಯ ಒಂದು ನುಡಿಯುತ್ತಿದ್ದರೆ ಅದು ಬಿಡುವವರೆಗೆ ಕಾಯಬೇಕು. ಜಿಗ್‌ಗೆ ದಾದ್ರಾ ತಾಳ ಕೂಡುತ್ತದೆ, ರೀಲ್‌ಗೆ ಕೆಹರ್ವಾ. ಮೊದಲ ಸುತ್ತು ಮೆಲ್ಲಗೆ ನುಡಿಸಲಿ, ಪಿಟೀಲಿನವರು ತಲೆಯಾಡಿಸಿದ ಮೇಲೆ ಕೈ ಬಿಚ್ಚಬಹುದು.